ಕಾಕಾನ ಕಾಲು ಮತ್ತು ಕೊನೆಯ ಸೀಟಿ

ನಮ್ಮ ಕಾಕಾ ವಾಲಿಬಾಲ್ ಆಡಲು ಮೈದಾನಕ್ಕೆ ತನ್ನ ಕಾಲ ಮೇಲೆ ಹೋಗುತ್ತಾನೆ. ವಾಪಸು ಮಾತ್ರ ಯಾವತ್ತೂ ಬೇರೆಯವರ ಕಾಲ ಮೇಲೆಯೇ ಬರುತ್ತಾನೆ! ಇದು ನಾನು ಕಟ್ಟಿ ಹೇಳುವ ಮಾತಲ್ಲ, ಬಸವಕಲ್ಯಾಣದಲ್ಲಿ ಯಾರನ್ನಾದರೂ ಕೇಳಿ. ಸಂಜೆ ಹೊತ್ತಿನಲ್ಲಿ ನಾಲ್ಕು ಜನ ಸೇರಿ ಯಾರನ್ನೋ ಹೊತ್ತು ತರುತ್ತಿದ್ದರೆ ಬೇರೆ ಊರಿನವರು ಚಪ್ಪಲಿ ಬಿಟ್ಟು, ಕೈಮುಗಿದು ದಾರಿ ಕೊಡುತ್ತಾರೆ. ನಮ್ಮ ಊರಿನವರು ಚಹಾದ ಬಸಿ ಕೆಳಗಿಡದೆಯೇ, "ಮ್ಯಾಚ್ ಇತ್ತೇನು?" ಎಂದು ಕೇಳುತ್ತಾರೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದಾನೆ. ಮದುವೆಯ ದಿನಗಳಲ್ಲಿ ಅಟ್ಟದ ಮೇಲಿಂದ ಆಳು ಎಸೆಯುವ ಕೊಡ, ತಂಬಿಗೆ, ಗಂಗಾಳಗಳನ್ನು ಕೆಳಗೆ ನಿಂತು ಹಿಡಿದು ಹಿಡಿದು ತಾನು ಹುಟ್ಟು ಆಟಗಾರನೆಂದು ನಂಬಿಬಿಟ್ಟಿದ್ದಾನೆ. ಆ ನಂಬಿಕೆ ಪೂರಾ ಸುಳ್ಳೂ ಅಲ್ಲ. ಕಾಕಾ ಜಿಗಿದು ಹೊಡೆದ ಬಾಲನ್ನು ಎದುರಿನವರು ಎತ್ತಲು ಹೋಗುವುದಿಲ್ಲ, ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ತೊಂದರೆ ಇರುವುದು ಅವನು ಮೇಲೆ ಹೋಗುವುದರಲ್ಲಲ್ಲ, ಕೆಳಗೆ ಬರುವುದರಲ್ಲಿ.

ಇಷ್ಟೆಲ್ಲ ಹೇಳುವ ನೀನೇನು ಮಹಾ ಆಟಗಾರನೋ ಎಂದು ನೀವು ಕೇಳಬಹುದು. ಕೇಳಿ! ನಾನು ಅದೇ ಟೀಮಿನ ಹೆಚ್ಚುವರಿ ಆಟಗಾರ. ಅಂದರೆ ಬಾಲು ಗಟಾರಕ್ಕೆ ಬಿದ್ದಾಗ ಇಳಿದು ತರುವವನು. ಉಳಿದ ಹೊತ್ತಿನಲ್ಲಿ ಮೈಕು ಹಿಡಿದು ಕಾಮೆಂಟರಿ. ಹೆಡ್‌ಮಾಸ್ತರರ ಕೆಮ್ಮು, ಬಸ್ ಕಂಡಕ್ಟರನ ಕೂಗು, ಹಾಲು ಹಾಕುವವರ ಕುಂಟು ಎಮ್ಮೆಯ ನಡಿಗೆ ಎಲ್ಲವೂ ನನಗೆ ಬರುತ್ತವೆ. ಇವೆಲ್ಲದರ ನಡುವೆ ನನ್ನ ಸ್ವಂತ ದನಿ ಯಾವುದೆಂದು ನಮ್ಮವ್ವ ಇನ್ನೂ ಹುಡುಕುತ್ತಿದ್ದಾಳೆ. ಆಟದ ದೆಸೆಯಿಂದ ಬಹುಕಾಲ ನನಗಾದ ನೋವು ಒಂದೇ: ಕಾಕಾ ಬಿದ್ದದ್ದನ್ನು ನೋಡಿ ನಕ್ಕು ದವಡೆ ಹಿಡಿದುಕೊಂಡದ್ದು.

ಕಾಕಾನ ಕುಂಟುಗಳಂತೂ ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿವೆ. ಅಡುಗೆಮನೆಯಲ್ಲಿ ಕಾಕು, ಅಂದರೆ ಕಾಕಾನ ಹೆಂಡತಿ, ರೊಟ್ಟಿ ಬಡಿಯುವಾಗ ಅವಳ ಬೆನ್ನ ಹಿಂದೆ ಒಂದು ಸುತ್ತು ಕುಂಟಿದರೆ ಸಾಕು, ಅವಳು ತಿರುಗಿ ಸಹ ನೋಡದೆ ಸಪ್ಪಳದಲ್ಲೇ ಗುರುತು ಹಿಡಿಯುತ್ತಾಳೆ.

"ಇದು ಎಡಗಾಲಿನ ಹರಡು ಉಳುಕಿದ್ದು. ದೀಪಾವಳಿ ಮ್ಯಾಚ್."

ಇನ್ನೊಂದು ಸುತ್ತು.

"ಇದು ಮೊಣಕಾಲು. ಜಿಗದು ಇಳಿಯೂ ಮುಂದ ಬ್ಯಾರೆದವ್ರ ಪಾದದ ಮ್ಯಾಲ ಇಳಿದಿದ್ದು."

ಮತ್ತೊಂದು ಸುತ್ತು.

"ಏ ಮಂಗ್ಯಾ, ಇದು ಅವರದಲ್ಲ. ಹಾಲಿನವರ ಎಮ್ಮೀದು!"

ಕಾಕುವಿಗೆ ಇದೆಲ್ಲ ಹೀಗೆ ತಿಳಿಯುವುದಕ್ಕೆ ಕಾರಣವಿದೆ. ಅವಳು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನವಳು. ಶಾಲೆಯಲ್ಲಿ ಖೊಖೊ ಆಡುತ್ತಿದ್ದಳಂತೆ. ಕಂಬ ಸುತ್ತಿದರೆ ಹಿಡಿಯುವವರಿರಲಿಲ್ಲವಂತೆ. ಮದುವೆಯಾಯಿತು, ಓಟ ಅಡುಗೆಮನೆಯಿಂದ ಪಡಸಾಲೆಗೆ ಇಳಿಯಿತು. ಆದರೆ ಕಣ್ಣು ಆಟದಲ್ಲೇ ಇತ್ತು. ಕಾಕಾನ ಪ್ರತಿ ಮ್ಯಾಚಿಗೂ ಅವಳು ಹಾಜರು. ಮೈದಾನದ ಮೋಟು ಗೋಡೆಯ ಮೇಲೆ ಒಂದು ಕೈಚೀಲದೊಂದಿಗೆ ಕೂರುತ್ತಾಳೆ. ಚೀಲದಲ್ಲಿ ಅರಿಶಿಣ, ಸುಣ್ಣ, ಎಣ್ಣೆಯ ಬಾಟಲಿ, ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳು. ಕಾಕಾ ಬೀಳುವುದು, ಕಾಕು ಚೀಲ ಬಿಚ್ಚುವುದು, ನಾಲ್ಕು ಜನ ಹೊರುವುದು, ಹಿಂದಿನಿಂದ ಕಾಕು ನಡೆಯುವುದು. ಇದು ನಮ್ಮ ಟೀಮಿನ ಪದ್ಧತಿಯೇ ಆಗಿಬಿಟ್ಟಿತ್ತು.

ಒಂದು ದಿನ ಕಾಕಾನ ಕಾಲನ್ನು ದಿಂಬಿನ ಮೇಲಿಟ್ಟು ಅರಿಶಿಣ ಮೆತ್ತುತ್ತಾ ಕಾಕು ಅಂದಳು: "ಮದಿವಿ ಆಗಿ ಇಷ್ಟು ವರ್ಷ ಆತು. ನಿಮ್ಮ ಒಂದ್ ಮ್ಯಾಚಿನ ಕೊನೀ ನಾ ನೋಡಿಲ್ಲರಿ. ಯಾರ್ ಗೆದ್ರು, ಯಾರ್ ಸೋತ್ರು, ಎಲ್ಲಾ ದವಾಖಾನ್ಯಾಗ ಕುಂತು ಮಂದೀನ ಕೇಳಿ ತಿಳ್ಕೋಬೇಕು."

ಅವಳೇನೂ ಜಗಳದ ದನಿಯಲ್ಲಿ ಹೇಳಲಿಲ್ಲ. ಕಾಕಾನಿಗೆ ಮಾತ್ರ ಎದೆಗೆ ಹೊಡೆದ ಹಾಗಾಯಿತು. ಮಲಗಿದಲ್ಲಿಂದಲೇ ಮುಷ್ಟಿ ಎತ್ತಿದ.

"ತೋರಸ್ತೀನಿ! ಕೊನೀ ಸೀಟಿ ಆಗೂತನಕ ಅಂಗಳದಾಗ ನನ್ನ ಕಾಲ ಮ್ಯಾಲ ನಾ ನಿಂತು ನಿನಗ ತೋರಸ್ತೀನಿ. ಇಲ್ಲಂದ್ರ ಆ ನೆಟ್ ಹರದು ಮೇವು ಕಟ್ಟಾಕ ಕೊಟ್ಟುಬಿಡ್ತೀನಿ!"

"ಸದ್ಯ ಬಚ್ಚಲತನಕ ನಿಂತು ಹೋಗ್ರಿ, ಸಾಕು" ಎಂದಳು ಕಾಕು.

ಅಲ್ಲಿಂದ ಶುರುವಾಯಿತು ನೋಡಿ ಕಾಕಾನ ಹಟ! ಊರಿನ ಉಳಿದ ಗಂಡಸರು ಗೆಲ್ಲಲು ಆಡುತ್ತಿದ್ದರು. ಕಾಕಾ ಮುಗಿಸಲು ಆಡತೊಡಗಿದ.

ಮೊದಲ ತಪ್ಪು ಬೂಟು ಇಲ್ಲದ್ದೆಂದು ಅವನೇ ತೀರ್ಮಾನಿಸಿದ. ಅದುವರೆಗೆ ಅಂಗಡಿಯ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆಡುತ್ತಿದ್ದವನು ಹುಮನಾಬಾದಿನ ಅಂಗಡಿಯಲ್ಲಿ ಕ್ಯಾನ್ವಾಸ್ ಬೂಟು ಕೊಳ್ಳಲು ಹೋದ. ಜೊತೆಗೆ ನಾನಿದ್ದೆ. ಕಾಲಿಗೆ ಸರಿಯಾದ ಬೂಟು ಬಂತು. ಕಾಕಾ ಅದನ್ನು ಪಾತ್ರೆಯ ಹಾಗೆ ತಿರುಗಿಸಿ, ಬೆರಳಿನಿಂದ ಬಾರಿಸಿ ನೋಡಿ ಕೇಳಿದ.

"ಇದಕ್ಕಿಂತ ದೊಡ್ಡದು ಎಷ್ಟು?"

"ಅದಕ್ಕೂ ಅದೇ ರೇಟ್‌ರಿ."

"ಅದೇ ರೇಟಿಗೆ ದೊಡ್ಡದು ಸಿಗತದಂದ್ರ ಸಣ್ಣದ್ಯಾಕ ತಗೋಬೇಕು?"

ಪಾತ್ರೆ ವ್ಯಾಪಾರಿಯ ಬುದ್ಧಿ! ಅಂಗಡಿಯಲ್ಲಿದ್ದ ಅತಿ ದೊಡ್ಡ ಬೂಟು ಮನೆಗೆ ಬಂತು. ಮುಂದೆ ಚಿಂದಿ ತುರುಕಿದ, ಹಿಂದೆ ಹತ್ತಿ ತುರುಕಿದ. ಮ್ಯಾಚಿನಲ್ಲಿ ಕಾಕಾ ಬಲಕ್ಕೆ ತಿರುಗಿದ, ಬೂಟು ತಿರುಗಲಿಲ್ಲ. ಪಾದ ಬೂಟಿನೊಳಗೇ ಒಂದು ಪ್ರದಕ್ಷಿಣೆ ಹಾಕಿತು. ನಾಲ್ವರು ಕಾಕಾನನ್ನು ಹೊತ್ತರು, ಬೂಟನ್ನು ನಾನು ಹೊತ್ತೆ. ತೂಕದಲ್ಲಿ ಹೆಚ್ಚು ಕಡಿಮೆ ಇರಲಿಲ್ಲ.

ಕಾಲು ಪೂರಾ ವಾಸಿಯಾಗುವ ಮೊದಲೇ ಮಂಠಾಳದ ಮ್ಯಾಚು ಬಂತು. ಈ ಸಲ ಬೂಟು ಸರಿ ಇತ್ತು. ಆದರೆ ಮಂಠಾಳದವರ ಅತಿಥಿ ಸತ್ಕಾರ ನಿಮಗೆ ಗೊತ್ತಿಲ್ಲ. ಆಡಲು ಬಂದ ಟೀಮಿಗೆ ಮೊದಲು ಊಟ ಹಾಕದೆ ಅಂಗಳಕ್ಕೆ ಬಿಟ್ಟರೆ ಅದು ಊರಿಗೇ ಅವಮಾನ. ಅವರ ಕ್ಯಾಪ್ಟನ್ನನ ಮನೆಯಲ್ಲಿ ಸಾಲಾಗಿ ಕೂರಿಸಿದರು. ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಬಾಳೆಹಣ್ಣಿನ ಶೀಕರಣೆ.

"ಇನ್ನೊಂದ್ ಹಾಕಸ್ಕೋರಿ."

"ಸಾಕ್ರಿ, ಆಡೂದದ."

"ಆಡೂದದ ಅಂತ್ಲೇ ಹೇಳಾಕತ್ತೇನ್ರಿ. ಆಡಾಕ ಶಕ್ತಿ ಬ್ಯಾಡೇನು?"

ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ ಸುರಿಯುವ ಜನ. ಊಟ ಮುಗಿದ ಕೂಡಲೇ ಸೀಟಿ. ಕಾಕಾ ಜಿಗಿದ. ಕಾಕಾ ಮೇಲೆ ಹೋದ, ಹೋಳಿಗೆಗಳು ಕೆಳಗೇ ಉಳಿದವು, ಅವನು ಇಳಿಯುವಾಗ ಎದುರಾದವು. ಪಕ್ಕೆಲುಬಿನ ಕೆಳಗೆ ಛಳಕು ಹಿಡಿದು ಚಕ್ಕುಲಿಯ ಹಾಗೆ ಮುರುಟಿ ಕುಳಿತ. ಅವನೊಬ್ಬನೇ ಅಲ್ಲ, ಇಡೀ ಟೀಮೇ ಹೊಟ್ಟೆ ಹಿಡಿದು ಕುಳಿತಿತ್ತು. ಮಂಠಾಳದವರೋ ಜಿಂಕೆಗಳ ಹಾಗೆ ಹಾರುತ್ತಿದ್ದರು. ಹೇಗೆ ಎಂದು ಆಮೇಲೆ ತಿಳಿಯಿತು. ಅತಿಥಿಗಳು ಹೋದ ಮೇಲೆ ಉಣ್ಣುವುದು ಅವರ ಮನೆಯ ಪದ್ಧತಿಯಂತೆ!

"ಹೊಟ್ಯಾಗ ಏನೂ ಇರಬಾರ್ದು. ಅದೇ ಗುಟ್ಟು" ಎಂದ ಕಾಕಾ. ಹಟವಾದಿಗಳ ಕಷ್ಟವೇ ಇದು, ಒಂದು ಗೋಡೆಗೆ ಡಿಕ್ಕಿ ಹೊಡೆದರೆ ಎದುರಿನ ಗೋಡೆಗೆ ಡಿಕ್ಕಿ ಹೊಡೆಯಲು ಹೊರಡುತ್ತಾರೆ. ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಹಳ್ಳಿಖೇಡದ ಆಚೆಯ ಒಂದು ಹಳ್ಳಿಯಲ್ಲಿ ಮ್ಯಾಚು. ಕಾಕಾ ಬೆಳಗಿನಿಂದ ಒಂದು ತುತ್ತು ತಿನ್ನಲಿಲ್ಲ, ಹೋಗಲಿ, ಒಂದು ಗುಟುಕು ನೀರನ್ನೂ ಕುಡಿಯಲಿಲ್ಲ. ನೀರು ಹೊಟ್ಟೆಯಲ್ಲಿ ಕೊಡದ ಹಾಗೆ ತುಳುಕುತ್ತದಂತೆ! ಆ ಬಿಸಿಲಿನಲ್ಲಿ ಬೆವರು ಸುರಿದು ಸುರಿದು ಕೊನೆಗೆ ಬೆವರೂ ನಿಂತಿತು. ಆಮೇಲೆ ಮೀನಖಂಡ ಹಿಡಿಯಿತು, ಒಂದಲ್ಲ, ಎರಡೂ. ನೆಟ್ಟಗೆ ನಿಂತಿದ್ದ ಕಾಕಾ ಹಲಗೆಯ ಹಾಗೆ ನೆಟ್ಟಗೇ ಬಿದ್ದ.

ಹೊರಲು ದೂರ ಬಹಳ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಹೊರಟಿತ್ತು. ಕಬ್ಬಿನ ರಾಶಿಯ ಮೇಲೆ ಕಾಕಾನನ್ನು ಮಲಗಿಸಿ, ಪಕ್ಕದಲ್ಲಿ ಕಾಕು ಮತ್ತು ನಾನು ಕುಳಿತೆವು. ದಾರಿಯಲ್ಲಿ ಪ್ರತಿ ಊರಿನಲ್ಲೂ ಹುಡುಗರು ಬೆನ್ನಟ್ಟಿ ಬಂದು ಒಂದೊಂದು ಜಲ್ಲೆ ಎಳೆದುಕೊಂಡರು. ಒಂದೊಂದು ಜಲ್ಲೆ ಹೋದಾಗಲೂ ಕಾಕಾ, "ಅಯ್ಯಪ್ಪೋ!" ಹಳ್ಳಿಖೇಡ ಬರುವಷ್ಟರಲ್ಲಿ ಆತ ಒಂದು ಮೊಳ ಕೆಳಗಿಳಿದಿದ್ದ. ಊರ ಹತ್ತಿರ ಡ್ರೈವರ್ ಹಿಂತಿರುಗಿ ಕೂಗಿದ:

"ಇವರ್ನ ಇಲ್ಲೇ ಇಳಸ್ಕೋರಿ. ಇಲ್ಲಂದ್ರ ಕಬ್ಬಿನ ತೂಕದಾಗ ಬಂದುಬಿಡ್ತಾರ!"

ಕಾಕು ಆಗ ನೇರ ಹುಮನಾಬಾದಿನ ಎಲುಬಿನ ಡಾಕ್ಟರರ ಬಳಿಗೆ ಕರೆದೊಯ್ದಳು. ಡಾಕ್ಟರರು ಕಾಲು ಒತ್ತಿ ನೋಡಿ ಹೇಳಿದರು: "ನೋಡ್ರಿ, ನಿಮ್ಮ ವೈರಿ ಆಟ ಅಲ್ಲ. ಬಿಸಲಾಗ ನೀರಿಲ್ಲದ ಆಡಿದ್ರ ಹಿಂಗ ಹಿಡೀತದ. ಉಂಡ ಕೂಡ್ಲೇ ಆಡಿದ್ರ ಛಳಕು. ಹಳೀ ನೋವು ಆರೂಕಿಂತ ಮೊದ್ಲ ಆಡಿದ್ರ ಅದೇ ಕೀಲು ಮತ್ತ ಉಳುಕ್ತದ. ಉಳುಕಿದ ಕೂಡ್ಲೇ ಬಿಸಿ ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ, ಬಾವು ಏರ್ತದ. ಐಸ್ ಇಡ್ರಿ, ಬಿಗಿಯಾಗಿ ಪಟ್ಟಿ ಸುತ್ತಿ ಕಾಲು ಎತ್ತರಕ್ಕ ಇಡ್ರಿ. ಎಲ್ಲಕ್ಕಿಂತ ಮುಖ್ಯ, ಆಡೂಕಿಂತ ಮೊದ್ಲ ಓಡಿ, ಬಗ್ಗಿ, ಎದ್ದು ಮೈ ಬಿಸಿ ಮಾಡ್ಕೋರಿ. ತಣ್ಣಗಿನ ಮೈ ಅಂದ್ರ ಒಣಗಿದ ಚಪ್ಪಲಿ ಬಾರು ಇದ್ದಂಗ. ಒಮ್ಮಿಗೇ ಎಳದ್ರ ಹರೀತದ."

"ಇಷ್ಟ್ ದಿವ್ಸ ಯಾಕ ಹೇಳಲಿಲ್ರಿ?" ಎಂದ ಕಾಕಾ.

"ಪ್ರತಿ ಸಲ ಹೇಳೀನ್ರಿ. ನೀವು ಪ್ರತಿ ಸಲ ಒದರಾಕತ್ತಿದ್ರಿ."

ಮುಂದಿನ ಪಂದ್ಯ ಹುಮನಾಬಾದಿನಲ್ಲೇ. ಕಾಕಾ ಈಗ ಹೊಸ ಮನುಷ್ಯ! ಸಮಯಕ್ಕೆ ಮೊದಲೇ ಬಂದು ಮೈದಾನ ಸುತ್ತಿದ, ಬಗ್ಗಿದ, ಎದ್ದ, ಕೈ ಬೀಸಿದ. ಮೈಯಿಂದ ಹಬೆ ಏಳುವುದೊಂದು ಬಾಕಿ. ಇನ್ನೇನು ಸೀಟಿ ಆಗಬೇಕು, ಆಗ ಸಂಘಟಕರು ಬಂದು ಕೈ ಹಿಡಿದರು. "ಬರ್ರಿ ಸಾವಕಾರ್ರ, ಸನ್ಮಾನ ಅದ."

ನಮ್ಮ ಕಡೆ ಸನ್ಮಾನವಿಲ್ಲದೆ ಒಂದು ಗೋಲಿ ಆಟವೂ ಶುರುವಾಗುವುದಿಲ್ಲ. ಎರಡೂ ಟೀಮಿನ ಕ್ಯಾಪ್ಟನ್ನರು, ನಮ್ಮ ಕಡೆಯಿಂದ ಕಾಕಾ, ವೇದಿಕೆಯ ಕುರ್ಚಿಯಲ್ಲಿ ಕೂರಬೇಕು. ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದರು. ಅವರು ಬಂದರು, ಸ್ವಾಗತವಾಯಿತು, ಸ್ವಾಗತ ಮಾಡಿದವರಿಗೆ ಸ್ವಾಗತವಾಯಿತು. ಶಾಲು, ಪೇಟ, ಹಾರ, ಭಾಷಣ. ಕ್ರೀಡೆಯಿಂದ ಆರೋಗ್ಯ ಹೇಗೆ ಬರುತ್ತದೆ ಎಂದು ಅತಿಥಿಗಳು ವಿವರಿಸುತ್ತಿದ್ದಷ್ಟೂ ಹೊತ್ತು ಕಾಕಾನ ಬಿಸಿಯಾದ ಮೈ ಚಹಾದ ಹಾಗೆ ಆರುತ್ತಿತ್ತು. ಕೊನೆಗೆ ಶಾಲು ಕಳಚಿ ಅಂಗಳಕ್ಕಿಳಿದು ಮೊದಲ ಬಾಲಿಗೆ ಜಿಗಿದ. ತೊಡೆಯ ಹಿಂದೆ 'ಚರ್' ಎಂದಿತು.

ಡಾಕ್ಟರರ ಮಾತು ನೆನಪಾಗಿ ನಾನು ಐಸ್ ತರಲು ಓಡಿದೆ. ಮೈದಾನದಲ್ಲಿ ಐಸ್ ಎಂದರೆ ಐಸ್‌ಕ್ಯಾಂಡಿ ಗಾಡಿಯೊಂದೇ. ಕೆಂಪು ಕ್ಯಾಂಡಿಗಳು ಮಾತ್ರ ಉಳಿದಿದ್ದವು. ತೊಡೆಗೆ ಒತ್ತಿ ಹಿಡಿದೆ. ಬಿಳಿ ಚಡ್ಡಿಯ ಮೇಲೆ ಕೆಂಪು ಹರಿಯತೊಡಗಿದ್ದೇ ತಡ, ಮುಖ್ಯ ಅತಿಥಿಗಳು "ರಕ್ತ! ರಕ್ತ!" ಎನ್ನುತ್ತ ತಲೆ ಸುತ್ತಿ ಕುಳಿತರು. ಅವರೇ ಹೊದಿಸಿದ ಶಾಲಿನಿಂದ ಅವರಿಗೆ ಗಾಳಿ ಬೀಸಿದೆವು.

ಆ ರಾತ್ರಿ ಮನೆಯಲ್ಲಿ ನಾನು ಹೊಸ ಕುಂಟು ಅಭ್ಯಾಸ ಮಾಡಿಕೊಂಡು ಅಡುಗೆಮನೆಗೆ ಹೋದೆ. ಕಾಕು ನಗಲಿಲ್ಲ. "ಸಾಕು ಬಿಡ್ರಿ ಇನ್ನ. ಗೋಡಿ ಮ್ಯಾಲ ಕುಂತು ಬ್ಯಾರೆದವ್ರ ಆಟ ನೋಡೂಣು. ಕೊನೀತನಕ" ಎಂದು ಒಳಗಿನ ಕೋಣೆಯತ್ತ ಹೇಳಿದಳು. ಒಳಗಿಂದ ಕಾಕಾನ ಉತ್ತರ ಬಂತು.

"ಬ್ಯಾರೆದವ್ರದು ನೋಡಾಕ ನೀ ಯಾಕ ಬರ್ತಿ? ಇನ್ನೊಂದ್ ವರ್ಷ ಕೊಡು."

ಆ ವರ್ಷವಿಡೀ ಕಾಕಾ ಆಡಲೇ ಇಲ್ಲ! ತೊಡೆ ಪೂರಾ ಆರುವವರೆಗೆ ಬಾಲು ಮುಟ್ಟಲಿಲ್ಲ. ಆಮೇಲೆ ಬೆಳಿಗ್ಗೆ ಕೋಟೆಯ ಕಡೆ ನಡೆದ, ನಂತರ ಓಡಿದ. ಅಂಗಡಿಯ ಗಲ್ಲೆಯ ಹಿಂದೆ ಬೈಠಕ್ ಹೊಡೆದ. ಗಿರಾಕಿಗಳಿಗೆ ಕಾಕಾ ಒಮ್ಮೆ ಕಾಣುತ್ತಿದ್ದ, ಒಮ್ಮೆ ಕಾಣುತ್ತಿರಲಿಲ್ಲ. ಕೊಡ ಕೊಳ್ಳಲು ಬಂದ ಮುದುಕಿಯೊಬ್ಬಳು ಹೆದರಿ ತಂಬಿಗೆ ಕೊಂಡು ಹೋದಳು.

ಮರುವರ್ಷ ಮತ್ತೆ ಹುಮನಾಬಾದ್. ಪಂದ್ಯ ಅವರಿಗೂ ನಮಗೂ. ಕಾಕು ಗೋಡೆಯ ಮೇಲೆ ಚೀಲದೊಂದಿಗೆ, ನಾನು ಮೈಕಿನೊಂದಿಗೆ.

ಮೊದಲ ಗಂಡಾಂತರ ಊಟ. ಕಾಕಾ ಕೈಮುಗಿದು, "ಇವತ್ತ ನಂದು ಉಪವಾಸ ಅದರಿ" ಎಂದ. ಎಂಥ ಉಪಾಯ! ಆದರೆ ಉಪವಾಸವೆಂದರೆ ನಮ್ಮ ಕಡೆ ಏನೆಂದು ಮರೆತಿದ್ದ. ಕ್ಷಣದಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಕೆನೆಹಾಲು ಬಂದವು, ಊಟಕ್ಕಿಂತ ಹೆಚ್ಚು! ಕಾಕು ನಡುವೆ ಬಂದು, "ಅವರದು ಬರೇ ನೀರಿನ ಉಪವಾಸ್ರಿ" ಎಂದು ಸ್ಟೀಲ್ ತಂಬಿಗೆ ಕೈಗಿತ್ತಳು. ಮನೆಯಿಂದ ಹೊರಡುವ ಮೊದಲೇ ಅವನಿಗೆ ರೊಟ್ಟಿ ತಿನ್ನಿಸಿದ್ದು ಅವಳೇ.

ಎರಡನೆಯ ಗಂಡಾಂತರ ಸನ್ಮಾನ. ಇದನ್ನು ತಪ್ಪಿಸಿಕೊಳ್ಳಲು ಸಾಧ್ಯವೇ? ಕಾಕಾ ತಪ್ಪಿಸಿಕೊಳ್ಳಲಿಲ್ಲ. ಪೇಟ ಸುತ್ತಿಸಿಕೊಂಡ, ಶಾಲು ಹೊದ್ದ, ಹಾರ ಹಾಕಿಸಿಕೊಂಡ, ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ. ವೇದಿಕೆಯ ಮೇಲೆ ನಿಂತಲ್ಲೇ ಓಡತೊಡಗಿದ! ಹಾರ ಎಡಕ್ಕೆ ಬಲಕ್ಕೆ ಹಾರುತ್ತಿದೆ, ಪೇಟದ ಬಾಲ ಕುಣಿಯುತ್ತಿದೆ, ಹಲಗೆ ಧಡಧಡ ಎನ್ನುತ್ತಿದೆ. ಮುಖ್ಯ ಅತಿಥಿಗಳು ಎರಡು ಸಲ ತಿರುಗಿ ನೋಡಿದರು. ಮೂರನೆಯ ಸಲ ಮೈಕಿನಲ್ಲೇ ಹೇಳಿದರು: "ಇವ್ರಿಗಿ ಪಾಪ ಭಾಳ ಅವಸರ ಆದಂಗ ಕಾಣಸ್ತದ. ನನ್ನ ಮಾತು ಮುಗಸ್ತೀನಿ." ಅಷ್ಟು ಚಿಕ್ಕ ಭಾಷಣವನ್ನು ಹುಮನಾಬಾದ್ ಕೇಳಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನೆಟ್ ಕಂಬಕ್ಕೆ ತೆಂಗಿನಕಾಯಿ ಒಡೆದರು. ಒಂದು ಹೋಳು ಉರುಳಿ ಗೋಡೆಯ ಬುಡಕ್ಕೆ ಹೋಯಿತು. ಅದನ್ನು ಯಾರು ಗಮನಿಸುತ್ತಾರೆ?

ಆಟ ಶುರು. ಕಾಕಾ ಜಿಗಿದ, ಇಳಿದ. ನಿಂತೇ ಇದ್ದ! ಹೊರುವ ನಾಲ್ವರು ಅಭ್ಯಾಸಬಲದಿಂದ ಎದ್ದವರು ಮತ್ತೆ ಕುಳಿತರು. ಒಂದು ಸೆಟ್ಟು ಅವರಿಗೆ, ಒಂದು ನಮಗೆ. ಮೂರನೆಯದು ಸರಿಸಮ ನಡೆದು ಕೊನೆಗೆ ಬಂತು. ಮೈಕಿನಲ್ಲಿ ನನ್ನ ಗಂಟಲಿನಿಂದ ಹೆಡ್‌ಮಾಸ್ತರರು, ಕಂಡಕ್ಟರು ಎಲ್ಲರೂ ಓಡಿಹೋಗಿ ನನ್ನದೇ ದನಿ ಹೊರಬರುತ್ತಿತ್ತು. ಕಾಕಾ ಆಕಾಶಕ್ಕೇರಿ ಒಂದು ಹೊಡೆತ ಹೊಡೆದ. ಎದುರಿನವರು ಎಂದಿನಂತೆ ಸರಿದು ನಿಂತರು. ಇನ್ನೊಂದೇ ಪಾಯಿಂಟು ಬಂದರೆ ಮ್ಯಾಚು ನಮ್ಮದು! ಗೋಡೆಯ ಮೇಲೆ ಕಾಕು, ನಮ್ಮ ಕಾಕು, ಖೊಖೊ ಹುಡುಗಿಯ ಹಾಗೆ ಚಂಗನೆ ಜಿಗಿದಳು.

ಇಳಿದದ್ದು ತೆಂಗಿನ ಹೋಳಿನ ಮೇಲೆ.

ಅವಳು ಕೂಗಲಿಲ್ಲ. ಮೆಲ್ಲಗೆ ಗೋಡೆಗೆ ಒರಗಿ ಕುಳಿತು, ಸೆರಗಿನ ಕೆಳಗೆ ಒಂದು ಕೈಯಿಂದ ಹರಡು ಹಿಡಿದುಕೊಂಡು, ಇನ್ನೊಂದು ಕೈಯಿಂದ 'ಆಡ್ರಿ, ಆಡ್ರಿ' ಎಂದು ಬೀಸಿದಳು. ಯಾರಿಗೂ ತಿಳಿಯಲಿಲ್ಲ. ಕಾಕಾನಿಗೆ ತಿಳಿಯಿತು. ಆ ರೀತಿ ಹರಡು ಹಿಡಿಯುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಯಲ್ಲಿದ್ದ ಬಾಲನ್ನು ಪಕ್ಕದವನಿಗೆ ಕೊಟ್ಟು ಅಂಗಳ ಬಿಟ್ಟು ಹೊರಗೆ ನಡೆದ.

"ಏ ಸಾವಕಾರ್ರ, ಎಲ್ಲಿ ಹೊಂಟ್ರಿ? ಇನ್ನೊಂದೇ ಪಾಯಿಂಟ್ ಅದ!" ರೆಫರಿ ಸೀಟಿ ಊದಿದರು.

ಕಾಕಾ ತಿರುಗಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಆಟದ ನಡುವೆ ಅಂಗಳದಿಂದ ತನ್ನ ಕಾಲ ಮೇಲೆ ಹೊರಗೆ ಬಂದಿದ್ದ, ಒಂದಿಷ್ಟೂ ಕುಂಟದೆ.

ಟೀಮಿಗೆ ಆಳು ಕಡಿಮೆ. ಯಾರೋ ನನ್ನ ಕೈಯಿಂದ ಮೈಕು ಕಸಿದು ಬೆನ್ನಿಗೆ ಗುದ್ದಿ ಅಂಗಳಕ್ಕೆ ದೂಡಿದರು. ನಮ್ಮವರು ಸರ್ವಿಸ್ ಮಾಡಿದರು. ಆ ಕಡೆಯವರು ಬಾಲು ತಿರುಗಿಸಿದರು. ನಾನು ಗೋಡೆಯ ಕಡೆ ನೋಡುತ್ತಿದ್ದೆ. ಬಾಲು ಬಂದು ನನ್ನ ಮೂಗಿಗೆ ಬಡಿದು, ಹಾಗೇ ಪುಟಿದು ನೆಟ್ ದಾಟಿತು. ಆ ಕಡೆಯವರೂ ಅಷ್ಟರಲ್ಲಿ ಗೋಡೆಯ ಕಡೆಯೇ ನೋಡುತ್ತಿದ್ದರು. ಬಾಲು ಅವರ ನಡುವೆ ತಾನಾಗಿ ಬಿತ್ತು. ಸೀಟಿ.

ಗೆದ್ದಿದ್ದೆವು. ಗೆದ್ದದ್ದನ್ನು ಮಾತ್ರ ರೆಫರಿಯೊಬ್ಬರನ್ನು ಬಿಟ್ಟರೆ ಯಾರೂ ನೋಡಿರಲಿಲ್ಲ!

ಮೂಗು ಹಿಡಿದುಕೊಂಡು ಓಡಿದೆ. "ಕಾಕಾ! ಗೆದ್ದೀವಿ!"

"ಐಸ್‌ಕ್ಯಾಂಡಿ ಗಾಡಿ ಕರಿ" ಎಂದ ಕಾಕಾ.

ಅವನು ನೆಲದ ಮೇಲೆ ಕುಳಿತಿದ್ದ. ಕಾಕುವಿನ ಪಾದ ಅವನ ಮೊಣಕಾಲ ಮೇಲಿತ್ತು. ಜನ ನೋಡುತ್ತಾರೆಂದು ಅವಳು ಎಳೆದುಕೊಳ್ಳುತ್ತಿದ್ದಳು, ಅವನು ಬಿಡುತ್ತಿರಲಿಲ್ಲ.

"ಏನಾಗಿಲ್ಲರಿ ನನಗ. ಹೋಗಿ ಆಟ ಮುಗಸಬೇಕಿತ್ತಿಲ್ಲೋ?"

"ಏನಾಗಿಲ್ಲ ಅನ್ನೂದು ನನ್ನ ಮಾತು. ಅದನ್ನ ನನಗೇ ಹೇಳಬ್ಯಾಡ. ಕಾಲು ಸಡಲ ಬಿಡು."

ಅವಳದೇ ಚೀಲದಿಂದ ಅವಳದೇ ಸೀರೆಯ ಪಟ್ಟಿ ತೆಗೆದ. ಎಣ್ಣೆ ಮುಟ್ಟಲಿಲ್ಲ. ಮೊದಲು ಐಸ್ ಇಟ್ಟ, ಆಮೇಲೆ ಪಾದದಿಂದ ಮೇಲಕ್ಕೆ ಬಿಗಿಯಾಗಿ, ನೋಯದ ಹಾಗೆ ಸುತ್ತಿದ. ಅಷ್ಟೆಲ್ಲ ಬಿದ್ದು ಎದ್ದು ಅವನು ಕಲಿತದ್ದು ಇದೊಂದೇ ಇರಬೇಕು. ಕ್ಯಾಂಡಿ ಕರಗಿ ಕಾಕುವಿನ ಪಾದ ಮದುಮಗಳ ಪಾದದ ಹಾಗೆ ಕೆಂಪಾಗಿತ್ತು.

"ಮಂಗ್ಯಾ, ಕೊನೀ ಹ್ಯಾಂಗ ಆತೋ?" ಎಂದಳು ಕಾಕು.

ಯಾರ ನಕಲನ್ನಾದರೂ ಮಾಡಬಲ್ಲ ನಾನು ಬಾಯಿ ತೆರೆದೆ. ಏನು ಬಂತು? "ಗೊತ್ತಿಲ್ಲ ಕಾಕು. ನಾ ನಿಮ್ಮಿಬ್ಬರ್ನ ನೋಡಾಕತ್ತಿದ್ದೆ."

ಬಸವಕಲ್ಯಾಣದಲ್ಲಿ ಬಸ್ ಇಳಿದಾಗ ದೀಪ ಹೊತ್ತುವ ಸಮಯ. ಅವಳು ಬೇಡ ಬೇಡವೆಂದರೂ ಕೇಳದೆ ಕಾಕಾ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡ. ಬಜಾರೇ ಬಾಯಿಬಿಟ್ಟು ನೋಡುತ್ತಿತ್ತು. ಕಾಕು ಸೆರಗಿನಿಂದ ಮುಖ ಪೂರಾ ಮುಚ್ಚಿಕೊಂಡಿದ್ದಳು. ನಾನು ಹಿಂದಿನಿಂದ ಕೈಚೀಲ ಹಿಡಿದು ನಡೆಯುತ್ತಿದ್ದೆ. ಚಹಾದ ಅಂಗಡಿಯ ಕಟ್ಟೆಯ ಮೇಲಿಂದ ಎಂದಿನ ಪ್ರಶ್ನೆ ಬಂತು.

"ಮ್ಯಾಚ್ ಇತ್ತೇನು?"

ಕಾಕಾ ನಿಲ್ಲಲಿಲ್ಲ. ಬೆನ್ನ ಮೇಲಿನ ಭಾರವನ್ನು ಒಮ್ಮೆ ಮೇಲಕ್ಕೆ ಸರಿಪಡಿಸಿಕೊಂಡು ಅಂದ.

"ಹೌದ್ರಿ. ಇವತ್ತ ಇಕಿದಿತ್ತು."